ಹಿಂದೆ ಉಳಿದವನು ಬಂದು ಸೇರುವವರೆಗೆ
(ಜುಮಾ ಬಯಾನ್‌ನ ಸಾರಾಂಶ)

 



ಕಳೆದ ಶುಕ್ರವಾರ ಇಲ್ಲೇ ಜುಮಾ ನಮಾಝ್ ಮುಗಿಸಿ, ಕೂಡ್ಲಿಗಿಯಿಂದ ಸೈಕಲ್ ಹತ್ತಿ ಹೊರಟ ನಮ್ಮ ಜಮಾತಿನ 14 ಹುಡುಗರು ನಿನ್ನೆ ಗುರುವಾರ ಅಸರ್‌ಗೆ ಸ್ವಲ್ಪ ಮುಂಚೆ ಕ್ಷೇಮವಾಗಿ ಮರಳಿದ್ದಾರೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಮತ್ತೆ ಕೊಟ್ಟೂರಿನ ಮೇಲೆ ಊರಿಗೆ. ಒಟ್ಟು ಏಳು ದಿನ. ಅಲ್ಲಾಹನ ದಯೆಯಿಂದ ಯಾರಿಗೂ ಅಪಘಾತವಾಗಲಿಲ್ಲ. ಇಬ್ಬರ ಮೊಣಕೈ ತರಚಿದೆ, ಒಬ್ಬನ ಚಪ್ಪಲಿ ಹಗರಿಬೊಮ್ಮನಹಳ್ಳಿಯ ಮಸೀದಿಯಲ್ಲೇ ಉಳಿದಿದೆ, ಅಷ್ಟೇ.

ಊರೊಳಗೆ ಬಂದ ಕೂಡಲೇ ಅವರು ಮನೆಗೆ ಹೋಗಲಿಲ್ಲ. ನೇರ ಮಸೀದಿಗೆ ಬಂದು, ಧೂಳು ತುಂಬಿದ ಮುಖ ತೊಳೆದು ವುಜೂ ಮಾಡಿ ಎರಡು ರಕಾತ್ ಓದಿದರು. ಇದು ಸುನ್ನತ್. ಪ್ರವಾದಿಯವರು (ಸ) ಪ್ರಯಾಣದಿಂದ ಮರಳಿದಾಗ ಮೊದಲು ಮಸೀದಿಗೆ ಬಂದು ಎರಡು ರಕಾತ್ ನಮಾಝ್ ನಿರ್ವಹಿಸುತ್ತಿದ್ದರು ಎಂದು ಹದೀಸ್ ಗ್ರಂಥಗಳಲ್ಲಿದೆ. ಪ್ರಯಾಣವೆಂಬುದು ಊಟ, ನೀರು, ನಿದ್ದೆ ಮೂರಕ್ಕೂ ಅಡ್ಡಿ ಮಾಡುವ ಒಂದು ಬಗೆಯ ಕಷ್ಟವೆಂದೂ, ಕೆಲಸ ಮುಗಿದ ಮೇಲೆ ತಡಮಾಡದೆ ಮನೆಯವರ ಬಳಿಗೆ ಮರಳಬೇಕೆಂದೂ ಅವರು ತಿಳಿಸಿದ್ದಾರೆ. ಆದ್ದರಿಂದ ನಿನ್ನೆ ಮಸೀದಿಯ ಅಂಗಳದಲ್ಲಿ ಹಾರ, ಶಾಲು, ಭಾಷಣ ಇಟ್ಟುಕೊಳ್ಳೋಣವೆಂದು ಕೆಲವರು ಕೇಳಿದಾಗ ನಾವು ಬೇಡವೆಂದೆವು. ತಾಯಂದಿರು ಬಾಗಿಲಲ್ಲಿ ಕಾಯುತ್ತಿರುವಾಗ ಹುಡುಗರನ್ನು ಫೋಟೋಕ್ಕೆ ನಿಲ್ಲಿಸುವುದು ಯಾವ ನ್ಯಾಯ?

ಇನ್ನೊಂದು ಕಾರಣವೂ ಇದೆ. ಅಬೂ ಮೂಸಾ ಅಶ್‌ಅರಿ (ರ) ಒಂದು ದಂಡಯಾತ್ರೆಯ ಸಂಗತಿ ಹೇಳಿದ್ದಾರೆ. ಆರು ಜನರಿಗೆ ಒಂದೇ ಒಂಟೆ, ಸರದಿಯ ಮೇಲೆ ಸವಾರಿ. ನಡೆದು ನಡೆದು ಕಾಲು ಸೀಳಿತು, ಉಗುರು ಉದುರಿತು. ಚಿಂದಿ ಬಟ್ಟೆ ಸುತ್ತಿಕೊಂಡು ನಡೆದರು. ಆ ಯಾತ್ರೆಗೆ ಚಿಂದಿಗಳ ಯಾತ್ರೆ, ಅಂದರೆ ಜಾತುರ್ರಿಕಾ, ಎಂದೇ ಹೆಸರಾಯಿತು. ಇಷ್ಟು ಹೇಳಿದ ಮೇಲೆ ಅಬೂ ಮೂಸಾ (ರ) ಅವರಿಗೆ, ಹೇಳಬಾರದಿತ್ತು, ನಮ್ಮ ಒಳ್ಳೆಯ ಕೆಲಸವನ್ನು ನಾವೇ ಬಯಲು ಮಾಡಿದಂತಾಯಿತಲ್ಲ ಎಂದು ಬೇಸರವಾಯಿತು. ಉಗುರು ಉದುರಿದವರಿಗೇ ಈ ಸಂಕೋಚ. ನಾವು ಕೊಟ್ಟೂರು ದಾಟುವಷ್ಟರಲ್ಲಿ ನಾಲ್ಕು ಸ್ಟೇಟಸ್ ಹಾಕಿರುತ್ತೇವೆ. ಹುಡುಗರನ್ನು ಬೈಯುತ್ತಿಲ್ಲ, ದೊಡ್ಡವರೂ ಅದೇ ಸಾಲಿನಲ್ಲಿದ್ದೇವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಐದು ಹೊತ್ತಿನ ಇಮಾಮತಿಯ ಜವಾಬ್ದಾರಿ ಇರುವುದರಿಂದ ನಾವು ಜೊತೆಗೆ ಹೋಗಲಾಗಲಿಲ್ಲ. ಪ್ರತಿ ರಾತ್ರಿ ಇಶಾ ಮುಗಿದ ಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದೆವು. ಉಳಿದದ್ದನ್ನು ನಿನ್ನೆ ಬಂದ ಮೇಲೆ ಒಬ್ಬೊಬ್ಬರ ಬಾಯಿಂದ ಕೇಳಿದೆವು.

ಹೊರಡುವ ಮುಂಚೆ ಒಬ್ಬನನ್ನು ಅಮೀರ್ ಮಾಡಿಕೊಳ್ಳಿ ಎಂದಿದ್ದೆವು. ಮೂವರು ಪ್ರಯಾಣ ಹೊರಟರೂ ಒಬ್ಬನನ್ನು ಅಮೀರ್ ಆಗಿ ನೇಮಿಸಿಕೊಳ್ಳಬೇಕೆಂಬುದು ಪ್ರವಾದಿಯವರ (ಸ) ಆದೇಶ. ಅಮೀರ್ ಎಂದರೆ ಎಲ್ಲರಿಗಿಂತ ಮುಂದೆ ಬೆಲ್ ಬಾರಿಸುತ್ತಾ ಹೋಗುವವನೆಂದು ಹುಡುಗರು ತಿಳಿದಿದ್ದರು. ಆದರೆ ಪ್ರವಾದಿಯವರು (ಸ) ಪ್ರಯಾಣದಲ್ಲಿ ಹಿಂದೆ ಉಳಿಯುತ್ತಿದ್ದರು. ಬಳಲಿದವರ ಒಂಟೆಯನ್ನು ಮುಂದಕ್ಕೆ ನಡೆಸುತ್ತಿದ್ದರು, ಸವಾರಿ ಇಲ್ಲದವನನ್ನು ತಮ್ಮ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ದುಆ ಮಾಡುತ್ತಿದ್ದರು. ಇದನ್ನು ಹೇಳಿ ಕಳಿಸಿದ್ದೆವು.

ಹದಿಮೂರು ಹುಡುಗರ ಬಳಿ ತಕ್ಕಮಟ್ಟಿಗೆ ಒಳ್ಳೆಯ ಸೈಕಲ್‌ಗಳು. ಕೆಲವು ಸ್ವಂತದ್ದು, ಕೆಲವು ಕೇಳಿ ತಂದದ್ದು. ಏಳೆಂಟಕ್ಕೆ ಗೇರ್ ಕೂಡ ಇತ್ತು. ಹದಿನಾಲ್ಕನೆಯವನದು ಅಂಗಡಿಯ ಕರಿ ಸೈಕಲ್. ಹಿಂದೆ ಕ್ಯಾರಿಯರ್, ನಡುವೆ ದಂಡಿ, ಸೀಟಿನ ಸ್ಪ್ರಿಂಗ್ ಕಿರಗುಟ್ಟುವ ಆ ಹಳೆಯ ಗಾಡಿ. ನಮ್ಮ ತಂದೆಯವರ ಕಾಲದಲ್ಲಿ ಇಡೀ ಸಂಸಾರ ಹೊತ್ತದ್ದು ಅದೇ. ಈ ಹುಡುಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಂದೆ ತೀರಿಕೊಂಡಿದ್ದಾರೆ, ಮನೆಯಲ್ಲಿ ತಾಯಿ ಮತ್ತು ಇಬ್ಬರು ತಂಗಿಯರು. ಪಂಕ್ಚರ್ ಅಂಗಡಿಯಲ್ಲಿ ದುಡಿದು ಮನೆ ನಡೆಸುತ್ತಾನೆ. ಅವನ ಒಪ್ಪಿಗೆ ಪಡೆದೇ ಇಷ್ಟು ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ, ನೀವೂ ಹುಡುಕಬೇಡಿ.

ಎರಡನೆಯ ದಿನದಿಂದಲೇ ಅವನು ಹಿಂದೆ ಬೀಳತೊಡಗಿದ. ಆದರೆ ಅವನಿಲ್ಲದಿದ್ದರೆ ಈ ಯಾತ್ರೆ ಕೊಟ್ಟೂರಿನಲ್ಲೇ ಮುಗಿಯುತ್ತಿತ್ತು. ನಮ್ಮ ಸೀಮೆಯ ಜಾಲಿ ಮುಳ್ಳು ನಿಮಗೆ ಗೊತ್ತೇ ಇದೆ. ಸೈಕಲ್ ಇಳಿಸಿ ಹೊಲದ ದಾರಿಗೆ ಹಾಕಿದರೆ ಮುಗಿಯಿತು. ಪಂಕ್ಚರ್ ಆದಾಗಲೆಲ್ಲ ಹದಿಮೂರು ಜನ ರಸ್ತೆ ಬದಿಗೆ ನಿಂತು ಅವನು ಬರುವ ದಾರಿ ನೋಡುತ್ತಿದ್ದರು. ಅವನು ಬೆವರೊರೆಸಿಕೊಂಡು ಬಂದು, ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ, ಡಬ್ಬಿಯ ನೀರಿನಲ್ಲಿ ಅದ್ದಿ ಗುಳ್ಳೆ ಏಳುವ ಜಾಗ ಗುರುತಿಸಿ, ಉಜ್ಜಿ, ಸಲ್ಯೂಷನ್ ಹಚ್ಚಿ ಆರಲು ಬಿಡುತ್ತಿದ್ದ. ಆರುವ ಆ ಎರಡು ನಿಮಿಷದಲ್ಲಿ ಟೈರಿನ ಒಳಗೆ ಸುತ್ತಲೂ ಬೆರಳಾಡಿಸುತ್ತಿದ್ದನಂತೆ. ಯಾಕೆಂದು ಒಬ್ಬ ಕೇಳಿದ್ದಾನೆ. “ಮುಳ್ಳು ಒಳಗೇ ಇರ್ತದ ಭಾಯ್. ಅದನ್ನ ತೆಗೀದೆ ಪಂಕ್ಚರ್ ಹಾಕಿದ್ರೆ ಹತ್ತು ಹೆಜ್ಜೆಗೆ ಮತ್ತ ಹೋಗ್ತದ” ಎಂದನಂತೆ.

ಪಂಕ್ಚರ್ ಹಾಕುವವರು ಎಂದು ನಮ್ಮವರನ್ನು ಗೇಲಿ ಮಾಡುವ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದಕ್ಕೆ ಕೋಪಿಸಿಕೊಳ್ಳುವವರಿಗೆ ನಾವು ಹೇಳುವುದು ಇಷ್ಟೇ: ಅದು ಬೈಗುಳವಾಗಲು ನಾವು ಒಪ್ಪಿದರೆ ಮಾತ್ರ ಬೈಗುಳ. ಸ್ವಂತ ಕೈ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಅರಸರೂ ಪ್ರವಾದಿಯೂ ಆಗಿದ್ದ ದಾವೂದ್ (ಅ) ಅವರು ತಮ್ಮ ಕೈ ಕೆಲಸದಿಂದಲೇ ಉಣ್ಣುತ್ತಿದ್ದರೆಂದು ಅದೇ ಹದೀಸಿನಲ್ಲಿದೆ. ಆದರೆ ಇದೇ ಮಾತನ್ನು ಮುಂದೆ ಮಾಡಿ, ಹದಿನಾಲ್ಕು ವರ್ಷದ ಮಗು ಪುಸ್ತಕ ಬಿಟ್ಟು ಅಂಗಡಿಗೆ ಹೋಗುವುದನ್ನು ನೋಡಿ ಮಾಶಾ ಅಲ್ಲಾಹ್, ದುಡಿಯುತ್ತಾನೆ ಎಂದು ಹೊಗಳುವುದಿದೆಯಲ್ಲ, ಅದು ಬೇರೆ. ದುಡಿಮೆಗೆ ಗೌರವ ಕೊಡಬೇಕು. ಮಗುವಿನ ಶಾಲೆ ತಪ್ಪಿದ್ದಕ್ಕೆ ಜಮಾತು ತಲೆ ತಗ್ಗಿಸಬೇಕು. ಎರಡನ್ನೂ ಒಟ್ಟಿಗೆ ಮಾಡಬೇಕಾದ ಸ್ಥಿತಿ ನಮ್ಮದು.

ಹಗರಿಬೊಮ್ಮನಹಳ್ಳಿಯ ಹತ್ತಿರದ ಅಂಕಸಮುದ್ರದ ಕೆರೆಗೂ ಹುಡುಗರು ಹೋಗಿದ್ದರು. 98 ಹೆಕ್ಟೇರಿಗೂ ಮಿಕ್ಕಿದ ಆ ಕೆರೆ ಪಕ್ಷಿಗಳ ಸಂರಕ್ಷಿತ ಪ್ರದೇಶ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ರಸ್ತೆಯಲ್ಲಿ ಟ್ಯೂಬ್ ಚುಚ್ಚುವ ಮುಳ್ಳೇ ಅಲ್ಲಿ ಹಕ್ಕಿಯ ಮರಿಗೆ ಬೇಲಿ. ಸುಬ್ಹಾನಲ್ಲಾಹ್. ಇಷ್ಟು ಹತ್ತಿರದಲ್ಲಿದ್ದೂ ನಮ್ಮಲ್ಲಿ ಎಷ್ಟು ಜನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇವೆ?

ಹಡಗಲಿಯ ಕಡೆ ಮಲ್ಲಿಗೆ ತೋಟದ ಬದಿಗೆ ನಿಂತಾಗ ಒಬ್ಬ ಹಿರಿಯರು, “ಪೆಟ್ರೋಲಿಗೆ ರೊಕ್ಕ ಇಲ್ಲೇನ್ರಪಾ, ಸೈಕಲ್ ಮ್ಯಾಲೆ ಹೊಂಟೀರಿ?” ಎಂದು ನಕ್ಕು, ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ತರಿಸಿ ಕೊಟ್ಟರಂತೆ. ಹೊರಡುವಾಗ ಒಂದೊಂದು ಹಿಡಿ ಹೂವು. ಗಂಡು ಹುಡುಗರು ಹೂವು ಏನು ಮಾಡುತ್ತಾರೆ? ಹ್ಯಾಂಡಲಿಗೆ ಕಟ್ಟಿಕೊಂಡು ಹೋದರು. ಆ ಹಿರಿಯರ ಜಾತಿ ಯಾವುದೆಂದು ಇವರು ಕೇಳಲಿಲ್ಲ, ಇವರದನ್ನು ಅವರು ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಹೊಸದಾಗಿ ಕಾಣುವಂಥ ದಿನಗಳು ಬಂದಿವೆ ಅಷ್ಟೇ.

ಆರನೆಯ ದಿನ, ಬುಧವಾರ, ಹರಪನಹಳ್ಳಿಯಿಂದ ಕೊಟ್ಟೂರಿಗೆ. ಎದುರಿಗೆ ಮೂಡಗಾಳಿ. ಕರಿ ಸೈಕಲಿನ ಹುಡುಗನ ಕಾಲು ಹಿಡಿದುಕೊಂಡಿತು. ಒಂದು ಮರದ ಕೆಳಗೆ ಕುಳಿತುಬಿಟ್ಟ. “ಭಾಯ್, ನನ್ನ ಬಸ್ ಹತ್ತಿಸ್ರಿ. ನನ್ನಿಂದ ನಿಮಗೆಲ್ಲ ತಡ ಆಗ್ಲಿಕ್ಕತ್ತದ” ಎಂದ. ಮುಂದಿದ್ದ ಇಬ್ಬರು ಮೂವರು, ಹೌದಲ್ಲ, ಸಾಯಂಕಾಲದೊಳಗೆ ಮುಟ್ಟಬೇಕಲ್ಲ ಎಂದು ಗೊಣಗಿದ್ದೂ ಉಂಟಂತೆ. ಅಮೀರ್ ಹುಡುಗ ಏನೂ ಉಪದೇಶ ಮಾಡಲಿಲ್ಲ. ಅವನ ಪಕ್ಕ ಕುಳಿತು, “ಈ ಗೇರ್ ಸೈಕಲ್ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಗ್ಯದೋ ತಮ್ಮಾ. ನಿಂದು ನೆಟ್ಟಗೆ ಕೂಡೋ ಸೈಕಲ್ ಅಲ್ಲೇನು, ಕೊಟ್ಟೂರು ಮಟ ನನಗ ಕೊಡು. ಇದನ್ನ ನೀ ನಡೆಸು” ಎಂದ. ಹುಡುಗ ಸ್ವಲ್ಪ ಹೊತ್ತು ಅವನ ಮುಖ ನೋಡಿ, ನೀರು ಕುಡಿದು, ಎದ್ದ. ಅಲ್ಲಿಂದ ಕೊಟ್ಟೂರಿನವರೆಗೆ ಅಮೀರ್ ಕರಿ ಸೈಕಲ್ ತುಳಿದ. ಕೊನೆಗೆ ಬಂದವನೂ ಅವನೇ.

ಸಹೋದರರೇ, ಇದನ್ನು ಕೇಳಿದಾಗ ನಮಗೆ ಜಾಬಿರ್ ಬಿನ್ ಅಬ್ದುಲ್ಲಾ (ರ) ಅವರ ಘಟನೆ ನೆನಪಾಯಿತು. ಅವರ ತಂದೆ ಉಹುದ್‌ನಲ್ಲಿ ಶಹೀದರಾದರು. ಹಿಂದೆ ಸಾಲ ಉಳಿಯಿತು, ಸಾಕಬೇಕಾದ ಹೆಣ್ಣುಮಕ್ಕಳು ಉಳಿದರು. ಮನೆಯ ಭಾರವೆಲ್ಲ ಯುವಕ ಜಾಬಿರ್ (ರ) ಅವರ ಮೇಲೆ. ಒಂದು ದಂಡಯಾತ್ರೆಯಿಂದ ಮರಳುವಾಗ ಅವರ ಒಂಟೆ ಸೋತು ಎಲ್ಲರಿಗಿಂತ ಹಿಂದೆ ಬಿತ್ತು. ಹಿಂದೆ ಉಳಿದವರನ್ನು ನೋಡಿಕೊಳ್ಳುತ್ತಾ ಬರುತ್ತಿದ್ದ ಪ್ರವಾದಿಯವರು (ಸ) ಅವರನ್ನು ಕಂಡು ವಿಚಾರಿಸಿದರು. ಇಳಿದು ಒಂಟೆಯನ್ನು ಮೆಲ್ಲಗೆ ತಿವಿದರು. ಒಂಟೆ ಎಷ್ಟು ಚುರುಕಾಯಿತೆಂದರೆ ಜಾಬಿರ್ (ರ) ಅದನ್ನು ತಡೆದು ಹಿಡಿಯಬೇಕಾಯಿತು. ದಾರಿಯುದ್ದಕ್ಕೂ ಮಾತು. ಮದುವೆಯಾಯಿತೇ? ಕನ್ಯೆಯೋ, ಮೊದಲು ಮದುವೆಯಾಗಿದ್ದವಳೋ? ಸಹೋದರಿಯರನ್ನು ನೋಡಿಕೊಂಡು, ತಲೆ ಬಾಚಿ ಬೆಳೆಸಬಲ್ಲ ಹೆಣ್ಣು ಬೇಕಿತ್ತು, ಅದಕ್ಕೇ ಅನುಭವಸ್ಥೆಯನ್ನು ಮದುವೆಯಾದೆ ಎಂದರು ಜಾಬಿರ್ (ರ). ಆ ಒಂದು ಉತ್ತರದಲ್ಲಿ ಮನೆಯ ಪರಿಸ್ಥಿತಿ ಪೂರ್ತಿ ತಿಳಿಯಿತು. ಆಗ ಪ್ರವಾದಿಯವರು (ಸ) ಕೇಳಿದ್ದೇನು? ಈ ಒಂಟೆಯನ್ನು ನನಗೆ ಮಾರುವೆಯಾ ಎಂದು. ಬೆಲೆ ಮಾತಾಯಿತು. ಮದೀನಾ ಮುಟ್ಟಿದ ಮೇಲೆ ಜಾಬಿರ್ (ರ) ಒಂಟೆ ಒಪ್ಪಿಸಲು ಮಸೀದಿಗೆ ಬಂದಾಗ, ಮೊದಲು ಎರಡು ರಕಾತ್ ಓದು ಎಂದರು. ಬಿಲಾಲ್ (ರ) ಅವರಿಗೆ ಹೇಳಿ ಬೆಲೆಗಿಂತ ಸ್ವಲ್ಪ ಹೆಚ್ಚೇ ತೂಗಿಸಿ ಕೊಡಿಸಿದರು. ಜಾಬಿರ್ (ರ) ಹೊರಟು ಹೋಗುತ್ತಿರುವಾಗ ಮತ್ತೆ ಕರೆಸಿ, ಒಂಟೆಯೂ ನಿನ್ನದೇ, ಹಣವೂ ನಿನ್ನದೇ ಎಂದು ಕಳುಹಿಸಿದರು.

ಹಣ ಕೊಡಬೇಕೆಂದಿದ್ದರೆ ದಾರಿಯಲ್ಲೇ ಕೊಡಬಹುದಿತ್ತಲ್ಲವೇ? ಆದರೆ ಇಡೀ ದಂಡಿನ ಎದುರು, ಎಲ್ಲರಿಗಿಂತ ಹಿಂದೆ ಬಿದ್ದ ಯುವಕನ ಕೈಗೆ ದಾನ ಇಡಲಿಲ್ಲ. ಅವನನ್ನು ವ್ಯಾಪಾರಸ್ಥನನ್ನಾಗಿ ಮಾಡಿದರು. ನಮ್ಮ ಅಮೀರ್ ಹುಡುಗನಿಗೆ ಈ ಹದೀಸ್ ಗೊತ್ತಿರಲಿಲ್ಲ, ನಿನ್ನೆ ನಾವು ಹೇಳಿದಾಗಲೇ ಕೇಳಿದ. ಕೆಲವರಿಗೆ ಅಲ್ಲಾಹನು ಅಖ್ಲಾಕ್ ಮೊದಲು ಕೊಟ್ಟು ಇಲ್ಮ್ ಆಮೇಲೆ ಕೊಡುತ್ತಾನೆ.

ಈಗ ನಮ್ಮ ಜೇಬಿನಲ್ಲಿರುವ ಚೀಟಿಯ ಮಾತು. ಹುಡುಗರು ಬರೀ ತಿರುಗಾಡಲು ಹೋಗಿರಲಿಲ್ಲ. ಐದೂ ತಾಲೂಕಿನ ಸಣ್ಣ ಸಣ್ಣ ಹಳ್ಳಿಗಳಲ್ಲಿ, ಹತ್ತು ಹದಿನೈದು ಮನೆಯ ಜಮಾತುಗಳಲ್ಲಿ ಇಳಿದು, ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ, ಯಾಕೆ ಬಿಟ್ಟರು ಎಂದು ಕೇಳಿ ಬರೆದುಕೊಂಡು ಬಂದಿದ್ದಾರೆ. ಅದರಲ್ಲಿ ನಮ್ಮ ಊರಿನ ಹೆಸರುಗಳೂ ಇವೆ. ಈ ಚೀಟಿಯನ್ನು ಮೈಕಿನಲ್ಲಿ ಓದಿ ಎಂದು ಕಮಿಟಿಯ ಒಬ್ಬರು ಸೂಚಿಸಿದರು, ಒಳ್ಳೆಯ ಮನಸ್ಸಿನಿಂದಲೇ. ನಾವು ಓದುವುದಿಲ್ಲ. ಕಾರಣ ಈಗಷ್ಟೇ ಹೇಳಿದೆವು.

ಆದರೆ ಕಾರಣಗಳನ್ನು ಹೇಳಬಹುದು. ಬಡತನವೆಂದು ಒಂದೇ ಮಾತಿನಲ್ಲಿ ಮುಗಿಸುತ್ತೇವಲ್ಲ, ಚೀಟಿಯಲ್ಲಿ ಹಾಗಿಲ್ಲ. ಒಬ್ಬಳಿಗೆ ಹೈಸ್ಕೂಲು ಐದು ಕಿಲೋಮೀಟರ್, ಬಸ್ಸು ಶಾಲೆಯ ಹೊತ್ತಿಗೆ ಇಲ್ಲ. ಒಬ್ಬ ಗಣಿತದಲ್ಲಿ ಫೇಲಾಗಿ ನಾಚಿಕೆಯಿಂದ ಮತ್ತೆ ಹೋಗಲೇ ಇಲ್ಲ. ಇನ್ನೊಬ್ಬನ ಮನೆಯವರು ಸುಗ್ಗಿಗೆ ಗುಳೆ ಹೋದರು, ಮರಳಿ ಬಂದಾಗ ಅರ್ಧ ವರ್ಷ ಕಳೆದಿತ್ತು. ಟೈರಿನೊಳಗೆ ಬೆರಳಾಡಿಸಿದರೆ ಸಿಗುವ ಮುಳ್ಳುಗಳು ಇವು. ಒಂದೊಂದು ಮನೆಯಲ್ಲಿ ಒಂದೊಂದು.

2006ರ ಸಾಚಾರ್ ಸಮಿತಿ ವರದಿಯಲ್ಲಿ, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೆ ಹೋಗಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದಿತ್ತು. ಅದು ಹಳೆಯ ಲೆಕ್ಕ. ಅಂದಿನಿಂದ ಎಷ್ಟೋ ಮನೆಗಳಲ್ಲಿ ಎಷ್ಟೋ ಮಕ್ಕಳು ಓದಿ ಮುಂದೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಮುಂದೆ ಹೋದವರು ಹಿಂದೆ ತಿರುಗಿ ನೋಡುತ್ತಿದ್ದಾರೆಯೇ ಎಂಬುದು ಪ್ರಶ್ನೆ. ಫೇಲಾದ ಮಕ್ಕಳಿಗೆ ದಾರಿ ಇದೆ. ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಶಾಲೆ ಬಿಟ್ಟು ವರ್ಷಗಳಾದವರು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆಯಬಹುದು. ಮುಂದೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371(ಜೆ) ಮೀಸಲಾತಿ ಇದೆ. ಅದರ ಪ್ರಮಾಣಪತ್ರ ಮಾಡಿಸದೆ ಸೀಟು ಕಳೆದುಕೊಂಡವರ ಕಥೆ ನಾವು ಕೇಳಿದ್ದೇವೆ. ಅರ್ಜಿ ತುಂಬಲು ಬಾರದವರು ಮಗ್ರಿಬ್ ನಂತರ ನಮ್ಮ ಬಳಿ ಬನ್ನಿ.

ದೂರದ ಶಾಲೆಯ ಮುಳ್ಳಿಗೆ ಸೈಕಲ್ಲೇ ಮದ್ದು. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತ್ತು. ಕೋವಿಡ್ ಬಂದ ಮೇಲೆ ಅದು ನಿಂತುಹೋಯಿತು. ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಿದ್ದರ ಬಗ್ಗೆ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ ವಯಸ್ಸಿನ ಹುಡುಗಿಯರ ಹೈಸ್ಕೂಲ್ ದಾಖಲಾತಿ ಶೇ. 32ರಷ್ಟು ಏರಿತ್ತು, ಅದೂ ಮುಖ್ಯವಾಗಿ ಶಾಲೆ 3 ಕಿಲೋಮೀಟರ್‌ಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹೆಣ್ಣುಮಕ್ಕಳು ಸೈಕಲ್ ಹೊಡೆಯುವುದೇ ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇವೆ: ಒಂಟೆಯ ಸವಾರಿ ಮಾಡುವ ಸ್ತ್ರೀಯರಲ್ಲಿ ಕುರೈಶ್ ಸ್ತ್ರೀಯರು ಉತ್ತಮರೆಂದು, ಮಕ್ಕಳ ಮೇಲಿನ ಅವರ ಮಮತೆಯನ್ನು ಪ್ರವಾದಿಯವರು (ಸ) ಹೊಗಳಿದ್ದಾರೆ. ಸವಾರಿ ಮಾಡುವ ಹೆಣ್ಣು ಆ ಮಾತಿನಲ್ಲಿ ದೂಷಣೆಗೆ ಒಳಗಾಗಿಲ್ಲ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲೇ ಸಾಕ್ಷರತಾ ಚಳವಳಿಯ ಜೊತೆಗೆ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರು. ಹಯಾ ಉಡುಪಿನಲ್ಲಿ, ನಡತೆಯಲ್ಲಿ ಇರುತ್ತದೆ. ನಡೆದು ಹೋದರೆ ಇದ್ದು ಪೆಡಲ್ ತುಳಿದರೆ ಹೋಗುವಂಥದ್ದಲ್ಲ.

ಎಷ್ಟೋ ಮನೆಗಳ ಹಿತ್ತಲಿನಲ್ಲಿ, ಜೀನಿನ ಮೇಲೆ ಕೋಳಿ ಕೂಡುವ ಸೈಕಲ್‌ಗಳಿವೆ. ಮಕ್ಕಳು ಬೈಕಿಗೆ ಏರಿದ್ದಾರೆ, ಸೈಕಲ್ ತುಕ್ಕು ಹಿಡಿಯುತ್ತಿದೆ. ಅವನ್ನು ಕೊಡಿ. ಯಾತ್ರೆಗೆ ಹೋದವರಲ್ಲಿ ಮೂವರು ನಿನ್ನೆಯೇ ತಮ್ಮವನ್ನು ಕೊಟ್ಟು ನಡೆದು ಮನೆಗೆ ಹೋಗಿದ್ದಾರೆ. ಝಕಾತಿನ ನಿಯ್ಯತ್ತಿನಿಂದ ಕೊಡಬಹುದೇ ಎಂದು ಒಬ್ಬರು ಕೇಳಿದರು. ಪಡೆಯುವವರು ಝಕಾತಿಗೆ ಹಕ್ಕುದಾರರಾಗಿದ್ದು, ಸೈಕಲನ್ನು ಪೂರ್ಣವಾಗಿ ಅವರ ಒಡೆತನಕ್ಕೆ ಕೊಟ್ಟರೆ ಇಂದಿನ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ ಝಕಾತ್ ಆಗುತ್ತದೆ. ರಿಪೇರಿಯ ಕೂಲಿಯನ್ನು ಝಕಾತಿನಿಂದ ಕೊಡಲಾಗದು, ಅದಕ್ಕೆ ಬೇರೆ ಸದಕಾ ಬೇಕು. ಇನ್ನೊಂದು ಮಸಲಾ ತಿಳಿದಿರಿ: ಕೊಡುವಾಗ ಇದು ಝಕಾತ್ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೊಡುವವನ ಮನಸ್ಸಿನಲ್ಲಿ ನಿಯ್ಯತ್ ಇದ್ದರೆ ಸಾಕು. ಮಗಳು ಪಾಸಾದಳಲ್ಲ, ಅವಳಿಗೆ ಉಡುಗೊರೆ ಎಂದು ಕೊಡಿ. ಫೋಟೋ ತೆಗೆಯಬೇಡಿ. ಸೈಕಲಿನ ಮಡ್‌ಗಾರ್ಡ್ ಮೇಲೆ ದಾನಿಗಳ ಹೆಸರು ಬರೆಸುವ ಆಲೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಆ ಮಗು ವರ್ಷಗಟ್ಟಲೆ ನಿಮ್ಮ ಹೆಸರು ಹೊತ್ತು ಶಾಲೆಗೆ ಹೋಗಬೇಕೇ?

ರಿಪೇರಿ ಭಾನುವಾರ ಜೊಹರ್ ನಂತರ ಮಸೀದಿಯ ಹಿಂದಿನ ಜಾಗದಲ್ಲಿ. ಉಸ್ತುವಾರಿ ಕರಿ ಸೈಕಲಿನ ಹುಡುಗನದು. ದಿನದ ಕೂಲಿ ಎಷ್ಟೆಂದು ಅವನೇ ಹೇಳಿದ್ದಾನೆ, ಕಮಿಟಿ ಚೌಕಾಸಿ ಮಾಡದೆ ಒಪ್ಪಿದೆ. ಉಳಿದ ಹದಿಮೂರು ಜನ ಅವನ ಕೈಕೆಳಗೆ ಸ್ಪ್ಯಾನರ್ ಹಿಡಿಯಲು ಬರುತ್ತಾರೆ. ಬರುವವರು ಹಳೆಯ ಬಟ್ಟೆ ತೊಟ್ಟು ಬನ್ನಿ, ಗ್ರೀಸ್ ತೊಳೆದರೂ ಹೋಗುವುದಿಲ್ಲ. ಅವನ ಎಸ್‌ಎಸ್‌ಎಲ್‌ಸಿ ಅರ್ಜಿಯ ಮಾತು ನಾವೂ ಅವನೂ ಬೇರೆ ಕುಳಿತು ಆಡಿಕೊಳ್ಳುತ್ತೇವೆ.

ಖುತ್ಬಾದ ಹೊತ್ತಾಯಿತು. ಸುನ್ನತ್ ಓದದವರು ಓದಿಕೊಳ್ಳಿ. ಹೊರಗೆ ಮೆಟ್ಟಿಲ ಮೇಲೆ ನಿಂತವರು ಒಳಗೆ ಬನ್ನಿ, ಮುಂದಿನ ಸಾಲಿನಲ್ಲಿ ಇನ್ನೂ ಜಾಗವಿದೆ.